ಕಥೆಯ ಜೋಡಿಗಳೂ ವಾಚಕರ ಪಕ್ಷಗಳೂ

ಒಂದು ಕೃತಿಯನ್ನು ಮೆಚ್ಚಿದವರಿಗೂ ಮೆಚ್ಚದವರಿಗೂ ನಡುವೆ ವಾದ ಹುಟ್ಟಿದರೆ ಅದರಲ್ಲಿ ಆಶ್ಚರ್ಯವೇನೂ ಇಲ್ಲ. ಆದರೆ ಒಂದೇ ಕೃತಿಯನ್ನು ಸಮಾನವಾಗಿ ಮೆಚ್ಚಿದವರು, ಅದರ ಪುಟಪುಟವನ್ನೂ ಬಲ್ಲವರು, ಅದರ ಹೆಸರಿನಲ್ಲಿಯೇ ಬಳಗ ಕಟ್ಟಿಕೊಂಡವರು ತಮ್ಮೊಳಗೆ ಒಡೆದು ಎರಡು ಪಕ್ಷಗಳಾಗುವುದು ಯೋಚಿಸತಕ್ಕ ವಿಷಯ. ಆ ಒಡಕಿಗೆ ಕಾರಣ ಕೃತಿಯ ತತ್ತ್ವವಲ್ಲ, ಶೈಲಿಯಲ್ಲ. ಕಥೆಯ ನಾಯಕಿ ಇಬ್ಬರಲ್ಲಿ ಯಾರನ್ನು ವರಿಸಬೇಕೆಂಬ ಒಂದು ಪ್ರಶ್ನೆ. ಈ ಪ್ರಶ್ನೆಗಾಗಿ ಜನರು ವರ್ಷಗಟ್ಟಲೆ ವಾದಿಸಿದ್ದಾರೆ, ದೀರ್ಘ ಪ್ರಬಂಧಗಳನ್ನು ಬರೆದಿದ್ದಾರೆ, ಕೆಲವೊಮ್ಮೆ ಸ್ನೇಹವನ್ನೂ ಕಡಿದುಕೊಂಡಿದ್ದಾರೆ. ಹಿರಿಯರು ಇದನ್ನು ಹುಡುಗಾಟವೆಂದು ತಳ್ಳಿಹಾಕುವುದುಂಟು. ಹಾಗೆ ತಳ್ಳಿಹಾಕುವುದು ಸುಲಭವಾದರೂ ನ್ಯಾಯವಲ್ಲವೆಂದು ತೋರುತ್ತದೆ. ‘ಯಾರನ್ನು ವರಿಸಬೇಕು?’ ಎಂಬ ಪ್ರಶ್ನೆಯ ಅಡಿಯಲ್ಲಿ ‘ಈ ಕಥೆ ಯಾವುದರ ಕಥೆ?’ ಎಂಬ ಇನ್ನೊಂದು ಪ್ರಶ್ನೆ ಇದೆ. ಅದು ಕಾವ್ಯಮೀಮಾಂಸೆಯಷ್ಟೇ ಹಳೆಯದು. ಈ ಮಾತನ್ನು ಕೆಲವು ಪ್ರಸಿದ್ಧ ನಿದರ್ಶನಗಳ ಮೂಲಕ ಪರಿಶೀಲಿಸುವುದು ಈ ಲೇಖನದ ಉದ್ದೇಶ.

೧. ಹಳೆಯ ನಿದರ್ಶನ

ಇಂಥ ಪಕ್ಷಭೇದ ನಿನ್ನೆ ಮೊನ್ನೆ ಹುಟ್ಟಿದ್ದಲ್ಲ. ಅಮೆರಿಕದ ಲೇಖಕಿ ಲೂಯಿಸಾ ಮೇ ಆಲ್ಕಟ್ ಅವರ ‘ಲಿಟಲ್ ವಿಮೆನ್’ ಕಾದಂಬರಿಯ ಮೊದಲ ಭಾಗ ೧೮೬೮ರಲ್ಲಿ ಬಾಸ್ಟನ್ನಿನಲ್ಲಿ ಪ್ರಕಟವಾಯಿತು. ಅದು ನಾಲ್ವರು ಅಕ್ಕತಂಗಿಯರ ಕಥೆ. ಎರಡನೆಯವಳಾದ ಜೋ ಬರಹಗಾರ್ತಿಯಾಗಬೇಕೆಂದು ಹಂಬಲಿಸುವವಳು. ಪಕ್ಕದ ಮನೆಯ ಶ್ರೀಮಂತ ಹುಡುಗ ಲಾರಿ ಅವಳ ಜೀವದ ಗೆಳೆಯ. ಮೊದಲ ಭಾಗ ಮುಗಿಯುವಾಗ ಹಿರಿಯಕ್ಕನ ವಿವಾಹ ನಿಶ್ಚಯವಾಗಿರುತ್ತದೆ. ಜೋ ಏನಾದಳೆಂಬುದು ಮಾತ್ರ ತಿಳಿಯದೆ ಉಳಿಯುತ್ತದೆ. ಪುಸ್ತಕವನ್ನೋದಿದ ಹುಡುಗಿಯರಿಂದ ಲೇಖಕಿಗೆ ಪತ್ರಗಳು ಬರತೊಡಗಿದವು. ಜೋ ಲಾರಿಯನ್ನೇ ಮದುವೆಯಾಗಬೇಕೆಂಬುದು ಅವರ ಬಯಕೆ. ಮದುವೆಯೊಂದೇ ಹೆಣ್ಣಿನ ಬಾಳಿನ ಗುರಿಯೆಂಬಂತೆ ಇವರೆಲ್ಲ ಕೇಳುತ್ತಿದ್ದಾರಲ್ಲ ಎಂದು ಆಲ್ಕಟ್ ಅದೇ ವರ್ಷದ ನವೆಂಬರಿನ ದಿನಚರಿಯಲ್ಲಿ ಬೇಸರಪಟ್ಟುಕೊಂಡಿದ್ದಾರೆ. ಯಾರ ಮೆಚ್ಚುಗೆಗಾಗಿಯೂ ಆ ಮದುವೆಯನ್ನು ತಾನು ಮಾಡಿಸುವುದಿಲ್ಲವೆಂದು ನಿಶ್ಚಯಿಸಿದ್ದಾರೆ.

೧೮೬೯ರಲ್ಲಿ ಹೊರಬಂದ ಎರಡನೆಯ ಭಾಗದಲ್ಲಿ ಜೋ ಲಾರಿಯನ್ನು ನಿರಾಕರಿಸುತ್ತಾಳೆ. ಲಾರಿ ಅವಳ ಕಿರಿಯ ತಂಗಿ ಏಮಿಯನ್ನು ವರಿಸುತ್ತಾನೆ. ಜೋ ತನಗಿಂತ ಬಹಳ ಹಿರಿಯನಾದ, ಬಡವನಾದ ಜರ್ಮನ್ ಪ್ರಾಧ್ಯಾಪಕ ಭೇರ್‌ನ ಕೈಹಿಡಿಯುತ್ತಾಳೆ. ಆಕೆ ಅವಿವಾಹಿತ ಬರಹಗಾರ್ತಿಯಾಗಿಯೇ ಉಳಿಯಬೇಕಾಗಿತ್ತೆಂದೂ, ವಾಚಕಿಯರ ಒತ್ತಾಯವನ್ನು ಪೂರ್ತಿಯಾಗಿ ಎದುರಿಸಲಾರದೆ, ತುಸು ಹಟದಿಂದಲೇ ಇಂಥದೊಂದು ವಿಚಿತ್ರ ಜೋಡಿಯನ್ನು ಕೂಡಿಸಿದೆನೆಂದೂ ಆಲ್ಕಟ್ ಸ್ನೇಹಿತೆಯೊಬ್ಬರಿಗೆ ಬರೆದರು. ವಾಚಕರ ವಾದ ಅಲ್ಲಿಗೆ ನಿಲ್ಲಲಿಲ್ಲ. ಒಂದೂವರೆ ಶತಮಾನದ ಮೇಲೆ, ೨೦೧೯ರಲ್ಲಿ, ಗ್ರೆಟಾ ಗರ್ವಿಗ್ ಈ ಕಥೆಯನ್ನು ಚಿತ್ರವಾಗಿ ನಿರ್ದೇಶಿಸಿದಾಗ ನಾಯಕಿಯ ಮದುವೆಯ ವಿಷಯದಲ್ಲಿ ಲೇಖಕಿಗೂ ಪ್ರಕಾಶಕನಿಗೂ ನಡೆಯುವ ಚೌಕಾಸಿಯನ್ನೇ ಚಿತ್ರದ ಭಾಗವನ್ನಾಗಿ ಮಾಡಿದರು.

ಇಲ್ಲಿ ಮೂರು ಪಕ್ಷಗಳಿರುವುದನ್ನು ಗಮನಿಸಬೇಕು. ಲಾರಿಯ ಪಕ್ಷದವರಿಗೆ ಈ ಕಾದಂಬರಿ ಸಮವಯಸ್ಕರ ಒಡನಾಟದ ಕಥೆ. ಬಾಲ್ಯದ ಆಟಪಾಟಗಳ ಸಲಿಗೆ ಬಾಳಿನ ಕೊನೆಯವರೆಗೆ ಸಾಗಬಹುದೆಂಬ ಭರವಸೆಯ ಕಥೆ. ಭೇರ್‌ನ ಪಕ್ಷದವರಿಗೆ ಅದು ಬಾಲ್ಯವನ್ನು ದಾಟಿ ಪ್ರೌಢತೆಗೆ ಬರುವ ಕಥೆ. ಬುದ್ಧಿಗೆ ಬುದ್ಧಿ ಜೊತೆಯಾಗುವ ಕಥೆ. ಯಾರೂ ಬೇಡವೆಂಬ ಮೂರನೆಯ ಪಕ್ಷದವರಿಗೆ ಅದು ಹೆಣ್ಣೊಬ್ಬಳು ತನ್ನ ಕೆಲಸದಿಂದಲೇ ತಾನಾಗುವ ಕಥೆ. ಮೂವರೂ ಓದುತ್ತಿರುವುದು ಒಂದೇ ಪುಸ್ತಕ. ಆದರೆ ಕಾಣುತ್ತಿರುವುದು ಮೂರು ಕೃತಿಗಳನ್ನು. ವರನ ಹೆಸರು ಆ ಮೂರು ಕೃತಿಗಳಿಗೆ ಇಟ್ಟ ಸಂಕ್ಷಿಪ್ತವಾದ ಗುರುತು, ಅಷ್ಟೆ.

೨. ಜೋಡಿ ಬದಲಾದರೆ ಕಥೆಯೂ ಬದಲಾಗುತ್ತದೆ

ಜೋಡಿಯೆಂಬುದು ಕಥೆಯ ಅಲಂಕಾರವಲ್ಲ, ಆಧಾರ ಎಂಬುದಕ್ಕೆ ಕನ್ನಡ ವಾಚಕರು ದೂರ ಹೋಗಬೇಕಾಗಿಲ್ಲ. ಕ್ರಿ.ಶ. ೯೪೧ರ ‘ವಿಕ್ರಮಾರ್ಜುನವಿಜಯ’ದಲ್ಲಿ ಪಂಪನು ದ್ರೌಪದಿಯನ್ನು ಅರ್ಜುನನೊಬ್ಬನ ಮಡದಿಯನ್ನಾಗಿ ಮಾಡಿದನು. ತನ್ನ ಆಶ್ರಯದಾತನಾದ ಅರಿಕೇಸರಿಯನ್ನು ಅರ್ಜುನನಲ್ಲಿ ಕಂಡು ಕಾವ್ಯವನ್ನು ಕಟ್ಟಹೊರಟ ಕವಿಗೆ ಅದು ಅಗತ್ಯವೆನಿಸಿರಬೇಕು. ಆದರೆ ಆ ಒಂದು ಮಾರ್ಪಾಟಿನಿಂದ ಇಡೀ ಕಥೆಯ ಕೀಲುಗಳು ಅಲುಗಾಡಿದವು. ದ್ರೌಪದಿಯ ಅವಮಾನಕ್ಕೆ ಭೀಮನು ಕೆರಳಿ ಪ್ರತಿಜ್ಞೆ ಮಾಡುವುದು ವ್ಯಾಸಭಾರತದಲ್ಲಿ ಗಂಡನ ಕೋಪ. ಇಲ್ಲಿ ಅದು ತಮ್ಮನ ಹೆಂಡತಿಯ ಮಾನಕ್ಕಾಗಿ ಅಣ್ಣನು ತೋರುವ ಕೋಪವಾಗಬೇಕಾಯಿತು. ಮುಡಿಯ ಪ್ರಸಂಗದಲ್ಲಿ ಕಾಣುವ ಅಸಾಂಗತ್ಯವನ್ನು ನಮ್ಮ ವಿಮರ್ಶಕರು ಹಿಂದೆಯೇ ಎತ್ತಿ ತೋರಿಸಿದ್ದಾರೆ. ಕೊನೆಯಲ್ಲಿ ಅರ್ಜುನನೊಡನೆ ಪಟ್ಟವೇರುವವಳೂ ದ್ರೌಪದಿಯಲ್ಲ, ಸುಭದ್ರೆ.

ಪಂಪನು ಅಭಿಮಾನಿಗಳ ಪಕ್ಷವೊಂದರ ನಾಯಕನೆಂದು ಹೇಳುವುದು ನಮ್ಮ ಅಭಿಪ್ರಾಯವಲ್ಲ. ಮಹಾಕವಿಯ ಉದ್ದೇಶವೇ ಬೇರೆ. ಯಾರು ಯಾರ ಜೊತೆ ಎಂಬುದನ್ನು ಬದಲಿಸಿದವನು ಯಾರ ಕೋಪಕ್ಕೆ ಯಾವ ಅರ್ಥ, ಯಾರ ಗೆಲವು ಯಾರ ಗೆಲವು ಎಂಬುದನ್ನೂ ಬದಲಿಸುತ್ತಾನೆ ಎಂಬಷ್ಟನ್ನೇ ಇದರಿಂದ ಗ್ರಹಿಸಬೇಕು. ಇಂದಿನ ಅಭಿಮಾನಿಗಳು ಇದನ್ನು ಶಾಸ್ತ್ರದ ಮಾತಿನಲ್ಲಿ ಹೇಳಲಾರರು. ಆದರೆ ಓದುವ ಅಭ್ಯಾಸದಿಂದ ಚೆನ್ನಾಗಿ ಬಲ್ಲರು. ಆದುದರಿಂದಲೇ ಅವರು ಜೋಡಿಯ ವಿಷಯದಲ್ಲಿ ರಾಜಿಗೆ ಒಪ್ಪುವುದಿಲ್ಲ.

೩. ರತಿಯೋ ಸ್ನೇಹವೋ?

ಇಂದು ಇಂಗ್ಲಿಷ್ ಬಲ್ಲ ತರುಣರ ಬಾಯಲ್ಲಿ ‘ಶಿಪ್’ ಎಂಬ ಮಾತು ಬಳಕೆಯಲ್ಲಿದೆ. ಹಡಗಿಗೂ ಇದಕ್ಕೂ ಸಂಬಂಧವಿಲ್ಲ. ‘ರಿಲೇಷನ್‌ಶಿಪ್’ ಎಂಬ ಪದದ ಬಾಲವಿದು. ಇದು ಬೇರೂರಿದ್ದು ‘ದಿ ಎಕ್ಸ್-ಫೈಲ್ಸ್’ ಎಂಬ ದೂರದರ್ಶನ ಮಾಲಿಕೆಯ ಅಭಿಮಾನಿಗಳಲ್ಲಿ. ೧೯೯೩ರ ಸೆಪ್ಟೆಂಬರಿನಲ್ಲಿ ಅಮೆರಿಕದ ಫಾಕ್ಸ್ ವಾಹಿನಿಯಲ್ಲಿ ಆರಂಭವಾದ ಈ ಮಾಲಿಕೆಯಲ್ಲಿ ಇಬ್ಬರು ಪತ್ತೇದಾರರಿದ್ದಾರೆ. ಅಲೌಕಿಕ ಘಟನೆಗಳನ್ನು ನಂಬುವ ಮಲ್ಡರ್ ಒಬ್ಬ. ವೈದ್ಯಶಾಸ್ತ್ರವನ್ನು ಓದಿ ಎಲ್ಲವನ್ನೂ ಸಂದೇಹಿಸುವ ಸ್ಕಲಿ ಇನ್ನೊಬ್ಬಳು. ಇವರನ್ನು ಪ್ರಣಯಿಗಳನ್ನಾಗಿ ಮಾಡುವ ಇಚ್ಛೆ ತಮಗಿಲ್ಲವೆಂದು ಮಾಲಿಕೆಯ ನಿರ್ಮಾತೃ ಕ್ರಿಸ್ ಕಾರ್ಟರ್ ಮೊದಮೊದಲು ಹೇಳುತ್ತಿದ್ದರು. ಆದರೂ ಅಭಿಮಾನಿಗಳು ಎರಡು ಪಾಲಾದರು. ಇಬ್ಬರ ನಡುವೆ ಪ್ರೇಮವಿದೆ ಎಂದವರು ‘ರಿಲೇಷನ್‌ಶಿಪ್ಪರ್’ಗಳು, ಕಾಲಕ್ರಮದಲ್ಲಿ ಬರಿಯ ‘ಶಿಪ್ಪರ್’ಗಳು. ಪ್ರಣಯ ಬೇಡವೆಂದವರು ‘ನೋ ರೊಮಾನ್ಸ್’ ಎಂಬುದನ್ನು ಮೊಟಕುಮಾಡಿ ‘ನೋರೋಮೋ’ ಎಂದು ಹೆಸರಿಟ್ಟುಕೊಂಡರು.

ಇಲ್ಲಿ ಇಬ್ಬರು ವರರಿಲ್ಲ. ಇರುವುದು ಒಂದೇ ಜೋಡಿ. ಅವರ ನಡುವಣ ಭಾವ ಯಾವುದೆಂಬುದೇ ಪ್ರಶ್ನೆ. ನಮ್ಮ ಆಲಂಕಾರಿಕರಿಗೆ ಈ ಪ್ರಶ್ನೆ ಹೊಸದಲ್ಲ. ರುದ್ರಟನು ತನ್ನ ‘ಕಾವ್ಯಾಲಂಕಾರ’ದಲ್ಲಿ ಸ್ನೇಹವನ್ನು ಸ್ಥಾಯಿಯಾಗಿ ಉಳ್ಳ ಪ್ರೇಯಸ್ ಎಂಬ ಬೇರೊಂದು ರಸವನ್ನು ಒಪ್ಪಿದನು. ಅಭಿನವಗುಪ್ತನು ಅದಕ್ಕೆ ಪ್ರತ್ಯೇಕ ಸ್ಥಾನವನ್ನು ಕೊಡಲಿಲ್ಲ. ಸ್ನೇಹವು ರತಿಯೇ ಮೊದಲಾದ ಬೇರೆ ಭಾವಗಳಲ್ಲಿಯೇ ಅಡಗುತ್ತದೆ ಎಂದನು. ಸ್ನೇಹಕ್ಕೆ ತನ್ನದೇ ಪೂರ್ಣತೆಯಿದೆ, ಅದು ಪ್ರಣಯದ ಮೊದಲ ಮೆಟ್ಟಿಲಲ್ಲ ಎನ್ನುವ ‘ನೋರೋಮೋ’ ತಿಳಿಯದೆಯೇ ರುದ್ರಟನ ಕಡೆಯವನು. ಇಷ್ಟು ಗಾಢವಾದ ಒಲವು ರತಿಯಲ್ಲದೆ ಮತ್ತೇನು ಎನ್ನುವ ‘ಶಿಪ್ಪರ್’ ಅಭಿನವಗುಪ್ತನ ಮಾತಿಗೆ ಹತ್ತಿರದವನು.

ವಾದದ ವಿಧಾನವೂ ನಮಗೆ ಪರಿಚಿತವೇ. ಸ್ಥಾಯಿಭಾವವನ್ನು ಯಾರೂ ಕಣ್ಣಿನಿಂದ ಕಾಣಲಾರರು. ಅನುಭಾವಗಳಿಂದ ಅದನ್ನು ಊಹಿಸಬೇಕು. ಒಂದು ನೋಟ, ಭುಜದ ಮೇಲಿಟ್ಟ ಕೈ, ಆಸ್ಪತ್ರೆಯ ಹಾಸಿಗೆಯ ಪಕ್ಕದ ಮೌನ ಇವೆಲ್ಲ ಅನುಭಾವಗಳು. ಅದೇ ನೋಟ ರತಿಯನ್ನೂ ಸೂಚಿಸಬಹುದು, ಸಖ್ಯವನ್ನೂ ಸೂಚಿಸಬಹುದು. ಆನಂದವರ್ಧನನು ಹೇಳಿದಂತೆ ವಾಚ್ಯಾರ್ಥವನ್ನು ಮೀರಿದ ವ್ಯಂಗ್ಯಾರ್ಥವನ್ನು ಗ್ರಹಿಸುವುದು ಸಹೃದಯನ ಕೆಲಸ. ಆದರೆ ಧ್ವನಿಯನ್ನು ಕೇಳುವ ಕಿವಿ ತನಗೆ ಬೇಕಾದುದನ್ನೇ ಕೇಳುವ ಅಪಾಯವೂ ಉಂಟು. ಕಥೆ ಎಷ್ಟು ಸಂಯಮದಿಂದ ಹೇಳಲ್ಪಡುತ್ತದೆಯೋ ಅಷ್ಟೂ ಈ ಅಪಾಯ ಹೆಚ್ಚು. ಅಷ್ಟೂ ಸೊಗಸೂ ಹೆಚ್ಚು.

೪. ಕಂತುಗಳ ನಡುವಣ ಬಿಡುವು

ಭಾವವು ಸಂದಿಗ್ಧವಾಗಿದ್ದ ಮಾತ್ರಕ್ಕೆ ಪಕ್ಷಗಳು ಹುಟ್ಟುವುದಿಲ್ಲ. ಸಂದೇಹಕ್ಕೆ ಕಾಲಾವಕಾಶ ಬೇಕು. ಕಾದಂಬರಿಯೊಂದನ್ನು ಎರಡು ದಿನಗಳಲ್ಲಿ ಓದಿ ಮುಗಿಸಿದವನಿಗೆ ಊಹೆಗೆ ಎಡೆಯಿಲ್ಲ. ಉತ್ತರ ಕೊನೆಯ ಪುಟದಲ್ಲಿದೆ. ಭಾಗಭಾಗವಾಗಿ ಹೊರಬರುವ ಕಥೆಯ ರೀತಿ ಬೇರೆ. ಕೃತಿಯಲ್ಲಿ ಬರೆಯದೆ ಬಿಟ್ಟ ಎಡೆಗಳನ್ನು ವಾಚಕನು ತಾನೇ ತುಂಬಿಕೊಳ್ಳುತ್ತಾನೆಂದು ಜರ್ಮನಿಯ ವಿಮರ್ಶಕ ವುಲ್ಫ್‌ಗಾಂಗ್ ಈಸರ್ ೧೯೭೦ರ ದಶಕದಲ್ಲಿ ಪ್ರತಿಪಾದಿಸಿದರು. ಕಂತಿನ ಕಥೆಯಲ್ಲಿ ಈ ಎಡೆ ಪುಟದಲ್ಲಿ ಮಾತ್ರವಲ್ಲ, ಪಂಚಾಂಗದಲ್ಲಿಯೂ ಇರುತ್ತದೆ.

ಜೆ. ಕೆ. ರೋಲಿಂಗ್ ಅವರ ಹ್ಯಾರಿ ಪಾಟರ್ ಕಾದಂಬರಿಗಳು ಇದಕ್ಕೆ ಸ್ಪಷ್ಟವಾದ ನಿದರ್ಶನ. ಏಳು ಸಂಪುಟಗಳು ೧೯೯೭ರಿಂದ ೨೦೦೭ರವರೆಗೆ ಪ್ರಕಟವಾದವು. ನಾಲ್ಕನೆಯದು ೨೦೦೦ದ ಜುಲೈ ತಿಂಗಳಲ್ಲಿ, ಐದನೆಯದು ೨೦೦೩ರ ಜೂನ್ ತಿಂಗಳಲ್ಲಿ ಹೊರಬಂದವು. ಸುಮಾರು ಮೂರು ವರ್ಷಗಳ ಈ ಬಿಡುವಿನಲ್ಲಿ ಲಕ್ಷಾಂತರ ವಾಚಕರು ಹಳೆಯ ಸಂಪುಟಗಳನ್ನೇ ಮತ್ತೆ ಮತ್ತೆ ಓದಿದರು. ಕಥೆಯಲ್ಲಿ ಮೂವರು ಗೆಳೆಯರಿದ್ದಾರೆ: ಹ್ಯಾರಿ, ರಾನ್ ಮತ್ತು ಹರ್ಮೈನಿ. ಮೂರೆಂಬುದು ಜೋಡಿಯಾಗದ ಸಂಖ್ಯೆ. ಇಬ್ಬರು ಕೂಡಿದರೆ ಒಬ್ಬ ಹೊರಗುಳಿಯಬೇಕು. ಹರ್ಮೈನಿಗೆ ರಾನ್ ತಕ್ಕವನೆಂದು ಕೆಲವರು, ಹ್ಯಾರಿ ತಕ್ಕವನೆಂದು ಕೆಲವರು ಸಾಲುಸಾಲಿಗೆ ಟೀಕೆ ಬರೆದರು. ರಾನ್ ಮತ್ತು ಹರ್ಮೈನಿ ಸದಾ ಜಗಳವಾಡುವುದೇ ಪ್ರೀತಿಯ ಗುರುತೆಂದು ಒಂದು ಪಕ್ಷ ಹೇಳಿತು. ಪರಸ್ಪರ ಗೌರವವಿಲ್ಲದ ಜಗಳ ಜಗಳವೇ, ಕಷ್ಟದಲ್ಲಿ ಹ್ಯಾರಿಯ ಪಕ್ಕದಲ್ಲಿ ನಿಲ್ಲುವುದೇ ಪ್ರೀತಿಯ ಗುರುತೆಂದು ಇನ್ನೊಂದು ಪಕ್ಷ ಹೇಳಿತು. ಮೇಲುನೋಟಕ್ಕೆ ಇದು ಪಾತ್ರಗಳ ಚರ್ಚೆ. ಒಳಗೆ ನೋಡಿದರೆ ದಾಂಪತ್ಯವೆಂದರೇನೆಂಬುದರ ಚರ್ಚೆ.

೨೦೦೫ರ ಜುಲೈ ೧೬ರಂದು ಆರನೆಯ ಸಂಪುಟ ಪ್ರಕಟವಾದಾಗ ಲೇಖಕಿ ಇಬ್ಬರು ಅಭಿಮಾನಿಗಳಿಗೆ ಸಂದರ್ಶನವನ್ನಿತ್ತರು. ಹ್ಯಾರಿ-ಹರ್ಮೈನಿ ಪಕ್ಷದವರು ಭ್ರಾಂತರೆಂದು ಸಂದರ್ಶಕರಲ್ಲೊಬ್ಬರು ನಗೆಯಾಡಿದರು. ರೋಲಿಂಗ್ ಆ ಪಕ್ಷದವರೂ ತಮ್ಮ ವಾಚಕರೇ ಎಂದು ಮಾತನ್ನು ಮೃದುಗೊಳಿಸಿದರಾದರೂ, ತಾವು ಸಾಕಷ್ಟು ದಪ್ಪನಾದ ಸುಳಿವುಗಳನ್ನೇ ಕೊಟ್ಟಿದ್ದುದಾಗಿ ಹೇಳಿದರು. ಆ ಒಂದು ಮಾತು ಎಬ್ಬಿಸಿದ ಕೋಲಾಹಲ ಸಣ್ಣದಲ್ಲ. ತಾವು ಊಹಿಸಿದುದು ತಪ್ಪಾಯಿತೆಂಬುದಕ್ಕಿಂತ, ವರ್ಷಗಳ ಕಾಲ ತಾವು ಶ್ರದ್ಧೆಯಿಂದ ಓದಿದುದೇ ಹಾಸ್ಯಾಸ್ಪದವಾಯಿತೆಂಬುದು ಅವರಿಗೆ ಹೆಚ್ಚು ನೋವನ್ನುಂಟುಮಾಡಿತು. ೨೦೦೭ರ ಕೊನೆಯ ಸಂಪುಟ ರಾನ್-ಹರ್ಮೈನಿಯರನ್ನು ಗಂಡಹೆಂಡಿರನ್ನಾಗಿ ತೋರಿಸಿ ಮುಗಿಯಿತು. ಆದರೆ ೨೦೧೪ರಲ್ಲಿ ಪತ್ರಿಕೆಯೊಂದರ ಸಂದರ್ಶನದಲ್ಲಿ ರೋಲಿಂಗ್ ಅವರೇ, ಆ ಜೋಡಿಯನ್ನು ಕೂಡಿಸಿದುದು ಸಾಹಿತ್ಯದ ಕಾರಣಕ್ಕಿಂತ ಹೆಚ್ಚಾಗಿ ತಮ್ಮ ಸ್ವಂತ ಬಯಕೆಯ ಕಾರಣದಿಂದ ಎಂದೂ, ಕೆಲವು ರೀತಿಯಲ್ಲಿ ಹ್ಯಾರಿ ಮತ್ತು ಹರ್ಮೈನಿಯೇ ಹೆಚ್ಚು ಹೊಂದುತ್ತಿದ್ದರೆಂದೂ ಹೇಳಿದರು. ಸೋತ ಪಕ್ಷ ಗೆದ್ದೆವೆಂದಿತು. ಗೆದ್ದ ಪಕ್ಷ ಪುಸ್ತಕದಲ್ಲಿ ಅಚ್ಚಾದುದೇ ಪ್ರಮಾಣವೆಂದಿತು.

ಇದರಿಂದ ತಿಳಿಯಬೇಕಾದುದೇನೆಂದರೆ, ಲೇಖಕರ ತೀರ್ಪಿನಿಂದ ಈ ವ್ಯಾಜ್ಯ ಮುಗಿಯುವುದಿಲ್ಲ. ಡಿಕನ್ಸ್ ತನ್ನ ‘ಗ್ರೇಟ್ ಎಕ್ಸ್‌ಪೆಕ್ಟೇಷನ್ಸ್’ ಕಾದಂಬರಿಗೆ ಬರೆದ ಮೊದಲ ಮುಕ್ತಾಯದಲ್ಲಿ ಪಿಪ್ ಮತ್ತು ಎಸ್ಟೆಲ್ಲಾ ಅಗಲುತ್ತಾರೆ. ಸ್ನೇಹಿತನಾದ ಬುಲ್ವರ್-ಲಿಟನ್ನನ ಸಲಹೆಯಂತೆ ೧೮೬೧ರಲ್ಲಿ ಅಚ್ಚಾದ ಮುಕ್ತಾಯದಲ್ಲಿ ಅವರು ಕೂಡುವ ಸೂಚನೆಯಿದೆ. ಎರಡರಲ್ಲಿ ಯಾವುದು ಕಥೆಗೆ ಉಚಿತವೆಂದು ವಿದ್ವಾಂಸರೂ ಪಕ್ಷಕಟ್ಟಿ ಚರ್ಚಿಸುತ್ತ ಬಂದಿದ್ದಾರೆ. ಅದನ್ನು ವಿಮರ್ಶೆಯೆನ್ನುತ್ತೇವೆ, ಹುಡುಗಿಯರು ಮಾಡಿದರೆ ಹುಚ್ಚೆನ್ನುತ್ತೇವೆ. ಈ ಭೇದಕ್ಕೆ ಆಧಾರವೇನೆಂಬುದನ್ನು ಯೋಚಿಸಬೇಕು.

೫. ಜೋಡಿ ಲಾಂಛನವಾಗುವ ಬಗೆ

ಇಷ್ಟರವರೆಗೆ ಹೇಳಿದುದು ವಾಚನದ ಭೇದ. ವಾಚನಭೇದವು ಪಕ್ಷದ್ವೇಷವಾಗುವುದಕ್ಕೆ ಬೇರೆ ಕಾರಣಗಳೂ ಕೂಡಿಕೊಳ್ಳುತ್ತವೆ.

ಮೊದಲನೆಯದು, ವಾಚಕನು ಪಾತ್ರದೊಡನೆ ಬೆಳೆಸಿಕೊಳ್ಳುವ ಸಂಬಂಧ. ತೆರೆಯ ಮೇಲಿನವರೊಡನೆ ಪ್ರೇಕ್ಷಕರು ನಿಜವಾದ ಪರಿಚಿತರೊಡನೆ ಎಂಬಂತೆ ಒಂದು ಕಡೆಯ ಸಲಿಗೆಯನ್ನು ಬೆಳೆಸಿಕೊಳ್ಳುತ್ತಾರೆಂದು ಹಾರ್ಟನ್ ಮತ್ತು ವೋಲ್ ಎಂಬ ಅಮೆರಿಕದ ವಿದ್ವಾಂಸರು ೧೯೫೬ರಷ್ಟು ಹಿಂದೆಯೇ ವಿವರಿಸಿದರು. ಗೆಳತಿಗೆ ತಕ್ಕ ವರ ಸಿಗಲಿಲ್ಲವೆಂದರೆ ಮರುಗುವ ಮನಸ್ಸೇ ಇಲ್ಲಿಯೂ ಮರುಗುತ್ತದೆ. ತನ್ನ ಬಾಳಿನಲ್ಲಿ ಯಾವ ಬಗೆಯ ಒಲವು ಸಾಧ್ಯವೆಂದು ಓದುಗಳು ನಂಬಿದ್ದಾಳೋ ಅದು ಕಥೆಯಲ್ಲಿ ಸೋತರೆ ತನ್ನ ನಂಬಿಕೆಗೇ ಪೆಟ್ಟುಬಿದ್ದಂತಾಗುತ್ತದೆ. ಕೆಲವರಿಗೆ ಈ ನಂಟು ಇನ್ನೂ ಆಳವಾದುದು. ೧೯೬೬ರಿಂದ ೧೯೬೯ರವರೆಗೆ ಪ್ರಸಾರವಾದ ‘ಸ್ಟಾರ್ ಟ್ರೆಕ್’ ಮಾಲಿಕೆಯ ಕಿರ್ಕ್ ಮತ್ತು ಸ್ಪಾಕ್ ಎಂಬ ಇಬ್ಬರು ಪುರುಷರನ್ನು ಪ್ರಣಯಿಗಳಾಗಿ ಭಾವಿಸಿ ೧೯೭೦ರ ದಶಕದಲ್ಲಿಯೇ ಅಭಿಮಾನಿಗಳು, ಅವರಲ್ಲಿ ಹೆಚ್ಚಿನವರು ಸ್ತ್ರೀಯರು, ತಮ್ಮ ಸಣ್ಣ ಪತ್ರಿಕೆಗಳಲ್ಲಿ ಕಥೆಗಳನ್ನು ಬರೆದರು. ಅಚ್ಚಾದ ಕಥೆಗಳಲ್ಲಿ ತಮಗೆ ಬೇಕಾದ ಬಾಳು ಕಾಣದವರು ಅದನ್ನು ಸಾಲುಗಳ ನಡುವೆ ಹುಡುಕುತ್ತಾರೆ. ಇಂಥವರು ಬರಿಯ ಅನುಭೋಗಿಗಳಲ್ಲ, ಕೃತಿಯಿಂದ ಹೊಸ ಕೃತಿಯನ್ನು ಮಾಡುವವರು ಎಂಬುದನ್ನು ಹೆನ್ರಿ ಜೆಂಕಿನ್ಸ್ ೧೯೯೨ರಲ್ಲಿ ಪ್ರಕಟವಾದ ತಮ್ಮ ಗ್ರಂಥದಲ್ಲಿ ತೋರಿಸಿಕೊಟ್ಟರು.

ಎರಡನೆಯದು, ಗುಂಪಿನ ಸ್ವಭಾವ. ಬ್ರಿಟನ್ನಿನ ಮನಶ್ಶಾಸ್ತ್ರಜ್ಞ ಹೆನ್ರಿ ತಾಜ್‌ಫೆಲ್ ಮತ್ತು ಅವರ ಸಹೋದ್ಯೋಗಿಗಳು ೧೯೭೦ರ ಸುಮಾರಿನಲ್ಲಿ ಶಾಲಾಬಾಲಕರ ಮೇಲೆ ಒಂದು ಪ್ರಯೋಗ ನಡೆಸಿದರು. ಕ್ಲೇ ಮತ್ತು ಕಾಂಡಿನ್ಸ್‌ಕಿ ಎಂಬ ಚಿತ್ರಕಾರರಲ್ಲಿ ಯಾರ ಚಿತ್ರ ಮೆಚ್ಚಿಗೆಯಾಯಿತೆಂಬ ನೆಪದಿಂದ ಹುಡುಗರನ್ನು ಎರಡು ಗುಂಪು ಮಾಡಲಾಯಿತು. ತನ್ನ ಗುಂಪಿನಲ್ಲಿ ಯಾರಿದ್ದಾರೆಂಬುದು ಯಾವ ಹುಡುಗನಿಗೂ ತಿಳಿಯದು. ಆದರೂ ಹಣವನ್ನು ಹಂಚುವ ಅಧಿಕಾರ ದೊರೆತಾಗ ಅವರು ತಮ್ಮ ಗುಂಪಿನವರ ಕಡೆಗೇ ಒಲಿದರು. ಇಬ್ಬರಿಗೂ ಹೆಚ್ಚು ಲಾಭವಾಗುವುದಕ್ಕಿಂತ ಎದುರು ಗುಂಪಿಗಿಂತ ತಮಗೆ ಹೆಚ್ಚು ದೊರೆಯುವುದೇ ಮೇಲೆನಿಸಿದಂತೆ ನಡೆದುಕೊಂಡರು. ಅಷ್ಟು ತೆಳುವಾದ ಮೆಚ್ಚಿಗೆಯಿಂದಲೇ ‘ನಾವು’ ‘ಅವರು’ ಎಂಬ ಗೆರೆ ಮೂಡುವುದಾದರೆ, ವರ್ಷಗಟ್ಟಲೆ ಪೋಷಿಸಿದ ಮೆಚ್ಚಿಗೆಯಿಂದ ಎಂಥ ಗೋಡೆ ಏಳಬಹುದೆಂಬುದನ್ನು ಊಹಿಸಬಹುದು. ಎಲ್ಲ ವಿಷಯಗಳಲ್ಲಿ ಒಂದಾದವರಿಗೆ ತಮ್ಮತನವನ್ನು ತೋರಿಸಲು ಉಳಿದಿರುವುದು ಆ ಒಂದು ಭೇದ ಮಾತ್ರ. ಸಂಘಸಂಸ್ಥೆಗಳನ್ನು ನಡೆಸಿದ ಅನುಭವವುಳ್ಳ ನಮ್ಮ ವಾಚಕರಿಗೆ ಇದನ್ನು ಹೆಚ್ಚು ವಿವರಿಸಬೇಕಾಗಿಲ್ಲ.

ಮೂರನೆಯದು ವ್ಯಾಪಾರ. ಸ್ಟೆಫನಿ ಮೇಯರ್ ಅವರ ‘ಟ್ವೈಲೈಟ್’ ಕಾದಂಬರಿಗಳು ೨೦೦೫ರಿಂದ ೨೦೦೮ರವರೆಗೆ ಪ್ರಕಟವಾಗಿ, ಮುಂದೆ ಚಲನಚಿತ್ರಗಳಾದವು. ಬೆಲ್ಲಾ ಎಂಬ ನಾಯಕಿಗೆ ರಕ್ತಪಿಪಾಸು ಕುಲದ ಎಡ್ವರ್ಡ್, ತೋಳನಾಗಿ ಮಾರ್ಪಡಬಲ್ಲ ಜೇಕಬ್ ಎಂಬ ಇಬ್ಬರು ಪ್ರಣಯಿಗಳು. ‘ಟೀಮ್ ಎಡ್ವರ್ಡ್’, ‘ಟೀಮ್ ಜೇಕಬ್’ ಎಂಬ ಹೆಸರುಗಳು ಅಂಗಿಗಳ ಮೇಲೆ ಅಚ್ಚಾಗಿ ಮಾರಾಟವಾದವು. ಉತ್ತರ ತಿಳಿಯದ ಪ್ರಶ್ನೆ ವಾಚಕನಿಗೆ ಚಿಂತೆ, ವ್ಯಾಪಾರಿಗೆ ಬಂಡವಾಳ. ಕ್ರೀಡೆಯಿಂದ ಎರವಲು ತಂದ ‘ಟೀಮ್’ ಎಂಬ ಆ ಮಾತು ವಾದವನ್ನು ಪಂದ್ಯವನ್ನಾಗಿ ಮಾಡಿಬಿಟ್ಟಿತು. ಪಂದ್ಯದಲ್ಲಿ ಗೆಲ್ಲುವುದಷ್ಟೇ ಉಂಟು, ತಿಳಿದುಕೊಳ್ಳುವುದು ಇಲ್ಲ.

೬. ಉಪಸಂಹಾರ

ಮೇಲಿನ ವಿವೇಚನೆಯಿಂದ ಒಂದು ವಿಷಯ ಸ್ಪಷ್ಟವಾಗುತ್ತದೆ. ಜೋಡಿಯ ವಾದ ಹುಟ್ಟುವುದು ಗಾಢವಾದ ವಾಚನದಿಂದ. ಕೆಡುವುದು ವಾಚನ ನಿಂತಾಗ. ಇವೆರಡನ್ನೂ ಗುರುತಿಸಲು ಒಂದು ಸರಳವಾದ ಒರೆಗಲ್ಲುಂಟು. ತನ್ನ ಪಕ್ಷಕ್ಕೆ ಪ್ರತಿಕೂಲವಾದ ಸಾಲೊಂದನ್ನು ಎದುರಿಗಿಟ್ಟಾಗ ವಾದಿಯು ಪುಸ್ತಕವನ್ನು ಮತ್ತೆ ತೆರೆಯುತ್ತಾನೆಯೋ, ಎದುರಾಳಿಯ ಯೋಗ್ಯತೆಯ ಮಾತನ್ನೆತ್ತುತ್ತಾನೆಯೋ? ಮೊದಲನೆಯವನು ವಾಚಕ, ಎರಡನೆಯವನು ಪಕ್ಷಗಾರ. ಈ ಒರೆಗಲ್ಲು ಹುಡುಗಿಯರ ವಾದಕ್ಕೂ ಪಂಡಿತರ ವಾದಕ್ಕೂ ಒಂದೇ.

ಹೊರನಾಡಿನಲ್ಲಿ ಬೆಳೆಯುವ ನಮ್ಮ ಮಕ್ಕಳಲ್ಲಿ ಅನೇಕರು ಈ ಕಥೆಗಳನ್ನು ಇಂಗ್ಲಿಷಿನಲ್ಲಿಯೇ ಓದುತ್ತಾರೆ, ಇಂಗ್ಲಿಷಿನಲ್ಲಿಯೇ ವಾದಿಸುತ್ತಾರೆ. ಮನೆಯ ಹಿರಿಯರ ಬಳಿ ಸ್ಥಾಯಿ, ಅನುಭಾವ, ಧ್ವನಿ, ಔಚಿತ್ಯ ಎಂಬ ಮಾತುಗಳಿವೆ. ಅವು ಪರೀಕ್ಷೆಗೆ ಓದುವ ಪುಸ್ತಕಗಳಲ್ಲಿಯೇ ಉಳಿದುಬಿಟ್ಟಿವೆ. ಮಕ್ಕಳ ಬಳಿ ಉಸಿರಾಡುವ ಪ್ರಶ್ನೆಯಿದೆ. ಅದಕ್ಕೆ ತಕ್ಕ ಪರಿಭಾಷೆಯಿಲ್ಲ. ಹರ್ಮೈನಿ ರಾನ್‌ನನ್ನು ವರಿಸಿದುದು ಉಚಿತವೋ ಅಲ್ಲವೋ ಎಂದು ಹದಿನಾಲ್ಕರ ಮಗಳು ಊಟದ ಹೊತ್ತಿನಲ್ಲಿ ಕೇಳಿದರೆ, ನಕ್ಕು ಸುಮ್ಮನಾಗುವ ಬದಲು ‘ಅವರಿಬ್ಬರ ನಡುವಣ ಸ್ಥಾಯಿ ಯಾವುದು? ಯಾವ ಅನುಭಾವದಿಂದ ಹಾಗೆ ತಿಳಿದೆ?’ ಎಂದು ಕೇಳಬಹುದು. ಔಚಿತ್ಯವೆಂಬ ಮಾತಿನ ಅರ್ಥ ಆ ಮಗುವಿಗೆ ತಿಳಿಯುವುದು ಹಾಗೆಯೇ. ಆ ಮಾತು ಕನ್ನಡದಲ್ಲಿ ಇನ್ನೊಂದು ತಲೆಮಾರು ಬಾಳುವುದೂ ಹಾಗೆಯೇ.